ವಕೀಲರಿಗೆ ನಿಜ ಹೇಳಿದರೆ ಅದು ಅವರಲ್ಲೇ ಉಳಿಯುತ್ತದೆಯೇ?

ಪ್ರಶ್ನೆ: ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಿಗ. ಠೇವಣಿ ಹಣದ ಅವ್ಯವಹಾರದ ಆರೋಪದ ಮೇಲೆ ಸಂಘದ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ನನ್ನ ವಿರುದ್ಧ ಎಫ್‌ಐಆರ್ ದಾಖಲಾಗಿದೆ. ಒಂದು ರೂಪಾಯಿಯನ್ನೂ ನಾನು ಮುಟ್ಟಿಲ್ಲ. ಆದರೆ ಅಧ್ಯಕ್ಷರ ಮಾತು ಮೀರಲಾರದೆ ಕೆಲವು ವೋಚರ್‌ಗಳಿಗೆ ಹಿಂದಿನ ತಾರೀಕು ಹಾಕಿ ಸಹಿ ಮಾಡಿದ್ದೇನೆ. ಮೂವರಿಗೂ ಸೇರಿ ಅಧ್ಯಕ್ಷರೇ ಒಬ್ಬ ವಕೀಲರನ್ನು ಗೊತ್ತು ಮಾಡಿದ್ದಾರೆ. ಫೀಸನ್ನೂ ಅವರೇ ಕೊಡುತ್ತಿದ್ದಾರೆ, ಮಾತುಕತೆಗೆ ಹೋದಾಗಲೆಲ್ಲ ಪಕ್ಕದಲ್ಲೇ ಕುಳಿತಿರುತ್ತಾರೆ. ವೋಚರ್ ವಿಷಯವನ್ನು ವಕೀಲರಿಗೆ ಹೇಳಿದರೆ ಪೊಲೀಸರಿಗೆ ತಲುಪುವುದಿಲ್ಲವೇ? ಪೊಲೀಸರು ವಕೀಲರನ್ನೇ ಕರೆಸಿ ಕೇಳಿದರೆ? ಬೇರೆ ವಕೀಲರನ್ನು ಹುಡುಕೋಣವೆಂದರೆ, ನಮ್ಮ ಕೇಸನ್ನು ಯಾರೂ ಹಿಡಿಯಬಾರದೆಂದು ಇಲ್ಲಿನ ವಕೀಲರ ಸಂಘ ನಿರ್ಣಯ ಮಾಡಲಿದೆಯಂತೆ. ಇನ್ನೊಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ: ಬಡವರ ಹಣ ಹೋಗಿರುವಾಗ ಸತ್ಯವನ್ನು ಮುಚ್ಚಿಡಲು ವಕೀಲರಿಗೆ ಕಾನೂನೇ ಅವಕಾಶ ಕೊಡುವುದು ಸರಿಯೇ?

ಉತ್ತರ: ಎರಡು ಎಚ್ಚರಿಕೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅಧ್ಯಕ್ಷರು ಕೊಠಡಿಯಲ್ಲಿರುವಷ್ಟು ಹೊತ್ತು ವೋಚರ್ ವಿಷಯ ಎತ್ತಬೇಡಿ. ಸಂಘದ ಯಾವ ಪುಸ್ತಕವನ್ನೂ ಇನ್ನು ಮುಟ್ಟಬೇಡಿ. ಕಾರಣಗಳು ಮುಂದೆ ಬರುತ್ತವೆ. ಇವೆರಡನ್ನು ಪಾಲಿಸುವುದಾದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ನಿಮ್ಮ ವಕೀಲರಿಗೆ ನೀವು ಎಲ್ಲವನ್ನೂ ಹೇಳಬಹುದು. ಹೇಳಲೇಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಈ ವಿಷಯದಲ್ಲಿ ನಿಮ್ಮ ಕೋಟೆ. ಅದಕ್ಕೆ ಮೊದಲು 1872ರ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್ನಿನಲ್ಲಿ ಇದೇ ರಕ್ಷಣೆ ಇತ್ತು. ಕಕ್ಷಿದಾರರು ಪ್ರಕರಣದ ಸಲುವಾಗಿ ಹೇಳಿದ ಮಾತು, ಆ ಕೆಲಸದ ನಡುವೆ ವಕೀಲರು ಕಂಡ ದಾಖಲೆಯ ಒಳವಿವರ, ಅವರು ಕೊಟ್ಟ ಸಲಹೆ, ಈ ಯಾವುದನ್ನೂ ಕಕ್ಷಿದಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಅವರು ಹೊರಗೆ ಹೇಳುವಂತಿಲ್ಲ. ಈ ನಿರ್ಬಂಧ ಕೇಸು ಮುಗಿದ ಮೇಲೂ ಇರುತ್ತದೆ, ನೀವು ವಕೀಲರನ್ನು ಬದಲಾಯಿಸಿದ ಮೇಲೂ ಇರುತ್ತದೆ. ವಕೀಲರ ಗುಮಾಸ್ತರಿಗೂ ನೌಕರರಿಗೂ ಭಾಷೆ ಗೊತ್ತಿಲ್ಲದವರಿಗೆ ಅನುವಾದ ಮಾಡಿಕೊಡುವವರಿಗೂ ಅನ್ವಯಿಸುತ್ತದೆ. ಒಂದು ವಿಷಯವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ ವಕೀಲರಲ್ಲೂ ಕೆಲವರು ಇದನ್ನು ಮರೆತು ಮಾತನಾಡುತ್ತಾರೆ: ಈ ಗುಟ್ಟಿನ ಒಡೆಯರು ನೀವು. ವಕೀಲರು ಅದನ್ನು ಕಾಯುವವರು ಮಾತ್ರ. ಬಿಟ್ಟುಕೊಡುವ ಅಧಿಕಾರವೂ ನಿಮ್ಮದೇ.

ಹಾಗೆಂದು ಈ ರಕ್ಷಣೆಗೆ ಎಲ್ಲೆ ಇಲ್ಲವೆಂದಲ್ಲ. ಎಲ್ಲೆ ಎಲ್ಲಿದೆ ಎಂದು ತೋರಿಸಲು ಕಾನೂನು ಮೂರು ದೃಷ್ಟಾಂತಗಳನ್ನು ಕೊಡುತ್ತದೆ. 1872ರಲ್ಲಿ ಬರೆದವು, ಹೊಸ ಕಾನೂನಿನಲ್ಲೂ ಉಳಿದುಕೊಂಡಿವೆ. ಮೊದಲನೆಯದು: ಒಬ್ಬ ಕಕ್ಷಿದಾರ ವಕೀಲರ ಬಳಿ ಬಂದು, ನಾನು ನಕಲಿ ದಾಖಲೆ ಸೃಷ್ಟಿಸಿದ್ದೇನೆ, ನನ್ನ ಪರ ವಾದಿಸಿ ಎನ್ನುತ್ತಾನೆ. ಈ ಮಾತಿಗೆ ರಕ್ಷಣೆ ಇದೆ. ತಪ್ಪು ಮಾಡಿದ್ದಾನೆಂದು ಗೊತ್ತಿದ್ದೂ ಒಬ್ಬನ ಪರ ವಾದಿಸುವುದು ಅಪರಾಧದ ಉದ್ದೇಶವಲ್ಲ ಎಂದು ಕಾನೂನು ಬಿಡಿಸಿ ಹೇಳುತ್ತದೆ. ಎರಡನೆಯದು: ಅದೇ ಮನುಷ್ಯ, ನಕಲಿ ಕ್ರಯಪತ್ರವೊಂದನ್ನು ಮುಂದಿಟ್ಟುಕೊಂಡು ಆಸ್ತಿ ವಶಪಡಿಸಿಕೊಳ್ಳಬೇಕು, ದಾವೆ ಹಾಕಿ ಎನ್ನುತ್ತಾನೆ. ಇದಕ್ಕೆ ರಕ್ಷಣೆ ಇಲ್ಲ. ಆಗಿಹೋದ ತಪ್ಪಿನ ಬಗ್ಗೆ ಸಲಹೆ ಕೇಳುವುದು ಬೇರೆ, ಮುಂದೆ ಮಾಡಲಿರುವ ತಪ್ಪಿಗೆ ವಕೀಲರ ಕೈ ಬಳಸಿಕೊಳ್ಳುವುದು ಬೇರೆ.

ಮೂರನೆಯ ದೃಷ್ಟಾಂತವನ್ನು ನೀವು ಎರಡು ಸಲ ಓದಬೇಕು. ಹಣ ದುರುಪಯೋಗದ ಆರೋಪ ಹೊತ್ತವನೊಬ್ಬ ವಕೀಲರನ್ನು ನೇಮಿಸಿಕೊಳ್ಳುತ್ತಾನೆ. ಕೇಸು ನಡೆಯುತ್ತಿರುವಾಗ ವಕೀಲರು ಅವನ ಲೆಕ್ಕದ ಪುಸ್ತಕ ನೋಡುತ್ತಾರೆ. ಕಳೆದುಹೋಗಿದೆ ಎನ್ನಲಾದ ಮೊತ್ತವನ್ನು ಅವನ ಹೆಸರಿಗೆ ಖರ್ಚು ಹಾಕಿದ ಒಂದು ನಮೂದು ಅಲ್ಲಿದೆ. ವಕೀಲರು ಕೇಸು ಹಿಡಿದ ದಿನ ಆ ನಮೂದು ಪುಸ್ತಕದಲ್ಲಿ ಇರಲಿಲ್ಲ. ಅಂದರೆ ವಕೀಲರ ಸೇವೆ ಆರಂಭವಾದ ಮೇಲೆ ಹೊಸದೊಂದು ಮೋಸ ನಡೆದಿದೆ. ಅದನ್ನು ಗುಟ್ಟಾಗಿಡುವ ಹೊಣೆ ವಕೀಲರಿಗೆ ಇಲ್ಲ. ನೀವಾಗಿ ತೋರಿಸಿದಿರೋ ಅವರಾಗಿ ಕಂಡುಕೊಂಡರೋ ಎಂಬುದೂ ಮುಖ್ಯವಲ್ಲ. ನೂರೈವತ್ತು ವರ್ಷಗಳ ಹಿಂದೆ ಕಾನೂನು ಬರೆದವರು ನಿಮ್ಮಂಥ ಲೆಕ್ಕಿಗರೊಬ್ಬರನ್ನು ಎದುರಿಗೆ ಕೂರಿಸಿಕೊಂಡೇ ಬರೆದಂತಿದೆ. ಈಗಾಗಲೇ ಹಾಕಿದ ತಪ್ಪು ತಾರೀಕಿನ ಬಗ್ಗೆ ನೀವು ವಕೀಲರಿಗೆ ಹೇಳುವ ಮಾತಿಗೆ ರಕ್ಷಣೆ ಇದೆ. ಅದನ್ನು ಸರಿಪಡಿಸುತ್ತೇನೆಂದು ಇಂದು ರಾತ್ರಿ ಲೆಡ್ಜರಿನಲ್ಲಿ ಒಂದು ಗೆರೆ ಎಳೆದರೂ ಆ ಗೆರೆಗೆ ರಕ್ಷಣೆ ಇಲ್ಲ.

ಹೇಳದೆ ಉಳಿದರೆ ಏನಾಗುತ್ತದೆ ಎನ್ನುವುದನ್ನು ನಾನು ವೃತ್ತಿಗೆ ಬಂದ ನಾಲ್ಕನೆಯ ವರ್ಷ ಕಣ್ಣಾರೆ ಕಂಡೆ. ಸಾಲ ವಸೂಲಿಯ ದಾವೆಯೊಂದರಲ್ಲಿ ಪ್ರತಿವಾದಿಯ ಪರ ಇದ್ದೆ. ಪ್ರೊನೋಟಿನ ಮೇಲಿರುವುದು ತಮ್ಮ ಸಹಿಯಲ್ಲ, ಸಾಲವನ್ನೇ ಪಡೆದಿಲ್ಲ ಎಂದು ಅವರು ಹೇಳಿದ್ದರು. ಅದನ್ನೇ ನಂಬಿ ಪ್ರತಿವಾದ ಪತ್ರ ಬರೆದೆ. ಪಾಟಿಸವಾಲಿನ ದಿನ ಎದುರು ಪಕ್ಷದ ವಕೀಲರು ಕಡತದಿಂದ ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಒಂದು ಇನ್‌ಲ್ಯಾಂಡ್ ಪತ್ರವನ್ನು ತೆಗೆದು ಸಾಕ್ಷಿಕಟ್ಟೆಯ ಅಂಚಿನ ಮೇಲಿಟ್ಟರು. ಬಡ್ಡಿ ಕಟ್ಟಲು ಇನ್ನೆರಡು ತಿಂಗಳು ಅವಕಾಶ ಕೊಡಿ ಎಂದು ಇವರದೇ ಕೈಬರಹದಲ್ಲಿತ್ತು. ನನ್ನ ಕಕ್ಷಿದಾರರು ಪತ್ರವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಮೊಗಸಾಲೆಯಲ್ಲಿ ನಿಂತು ಹೇಳಿದರು: ನಿಜ ಹೇಳಿದರೆ ನೀವು ಕೇಸು ಬಿಟ್ಟುಬಿಡುತ್ತೀರೆಂದು ಹೆದರಿದೆ. ಅಸಲಿನ ಬಹುಪಾಲನ್ನು ಅವರು ಅದಾಗಲೇ ತೀರಿಸಿದ್ದರು, ರಸೀದಿಗಳು ಮನೆಯ ಪೆಟ್ಟಿಗೆಯಲ್ಲಿದ್ದವು. ಮೊದಲೇ ಹೇಳಿದ್ದರೆ ಸಾಲವನ್ನು ಒಪ್ಪಿಕೊಂಡು, ತೀರಿಸಿದ್ದನ್ನು ಕಳೆದು, ಉಳಿದ ಅಲ್ಪ ಮೊತ್ತಕ್ಕೆ ರಾಜಿ ಮಾಡಿಸಬಹುದಿತ್ತು. ಸಾಲವೇ ಇಲ್ಲವೆಂದು ಪ್ರಮಾಣ ಮಾಡಿದ ಮೇಲೆ ಸಾಲ ತೀರಿಸಿದ ರಸೀದಿಯನ್ನು ಯಾವ ಮುಖದಿಂದ ತೋರಿಸುವುದು?

ನಿಮ್ಮದೂ ಇದೇ ಸ್ಥಿತಿ. ಹಣ ಮುಟ್ಟಿಲ್ಲ ಎನ್ನುವುದು ನಿಮ್ಮ ಬಲ; ತಾರೀಕು ತಿದ್ದಿದ್ದು ನಿಮ್ಮ ದೌರ್ಬಲ್ಯ. ಎರಡನ್ನೂ ಒಟ್ಟಿಗೆ ನೋಡಿದ ವಕೀಲರು ಮಾತ್ರ ನಿಮ್ಮನ್ನು ಅಧ್ಯಕ್ಷರಿಂದ ಬೇರ್ಪಡಿಸಿ ನಿಲ್ಲಿಸಬಲ್ಲರು. ನಿಜ ತಿಳಿದ ಮೇಲೆ ವಕೀಲರಿಗೂ ಒಂದು ಕಟ್ಟುಪಾಡು ಬರುತ್ತದೆ ಎನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವೋಚರ್‌ಗೆ ಸಹಿಯನ್ನೇ ಹಾಕಿಲ್ಲ ಎಂದು ನಿಮ್ಮಿಂದ ಸಾಕ್ಷ್ಯ ಹೇಳಿಸಲು ಪ್ರಾಮಾಣಿಕ ವಕೀಲರು ಒಪ್ಪುವುದಿಲ್ಲ. ಆದರೆ ಆರೋಪವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ್ದು. ಪ್ರತಿ ಸಾಕ್ಷಿಯನ್ನೂ ಪಾಟಿಸವಾಲಿನಲ್ಲಿ ಒರೆಗೆ ಹಚ್ಚುವುದು, ಹಣ ಯಾರ ಖಾತೆಗೆ ಹೋಯಿತೆಂದು ಕೇಳುವುದು, ಆದೇಶ ಯಾರದಾಗಿತ್ತೆಂದು ತೋರಿಸುವುದು, ಇವೆಲ್ಲ ವಕೀಲರ ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು.

ಇನ್ನು ಪೊಲೀಸರು ವಕೀಲರನ್ನೇ ಕರೆಸಿದರೆ ಎಂಬ ಭಯ. ಇದು ಬರೀ ಊಹೆಯ ಭಯವಲ್ಲ. 2025ರಲ್ಲಿ ಜಾರಿ ನಿರ್ದೇಶನಾಲಯ ಇಬ್ಬರು ಹಿರಿಯ ವಕೀಲರಿಗೆ ಸಮನ್ಸ್ ಕೊಟ್ಟು, ವಕೀಲ ಸಮುದಾಯ ಸಿಡಿದೆದ್ದ ಮೇಲೆ ಹಿಂಪಡೆಯಿತು. ಅದೇ ಸುಮಾರಿಗೆ, ಗುಜರಾತಿನಲ್ಲಿ ಆರೋಪಿಯೊಬ್ಬರ ಪರ ನಿಂತಿದ್ದ ವಕೀಲರಿಗೆ ಪೊಲೀಸರು ಕೊಟ್ಟ ನೋಟಿಸ್ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕೋರ್ಟು ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು, 2025ರ ಅಕ್ಟೋಬರ್ 31ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಮೂವರ ಪೀಠ ತೀರ್ಪು ಕೊಟ್ಟಿತು. ಆರೋಪಿಯ ಪರ ಇರುವ ವಕೀಲರನ್ನು ಪ್ರಕರಣದ ವಿವರ ಕೇಳಲು ತನಿಖಾಧಿಕಾರಿ ಕರೆಸುವಂತಿಲ್ಲ. ನಾನು ಮೇಲೆ ಹೇಳಿದ ವಿನಾಯಿತಿಗಳಲ್ಲಿ ಒಂದು ಅನ್ವಯಿಸುತ್ತದೆಂದು ಅವರು ಭಾವಿಸಿದರೆ, ಯಾವ ಸಂಗತಿಯಿಂದ ಹಾಗೆ ಭಾವಿಸಿದರೆಂದು ಸಮನ್ಸಿನಲ್ಲೇ ಬರೆಯಬೇಕು. ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗಿಂತ ಕೆಳಗಿಲ್ಲದ ಮೇಲಧಿಕಾರಿ ಕಾರಣ ದಾಖಲಿಸಿ ಒಪ್ಪಿಗೆ ಕೊಟ್ಟಿರಬೇಕು. ಆ ಸಮನ್ಸನ್ನು ವಕೀಲರಾಗಲಿ ಕಕ್ಷಿದಾರರಾಗಲಿ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಈ ತೀರ್ಪನ್ನು ನಾನು ಸಂತೋಷದಿಂದ ಓದಿದೆ, ಒಂದು ಕಾರಣಕ್ಕೆ. ಠಾಣೆಯ ಮೆಟ್ಟಿಲು ಹತ್ತಬೇಕಾದೀತೆಂಬ ಅಳುಕು ಒಮ್ಮೆ ಹೊಕ್ಕರೆ ವಕೀಲರು ನಿಮ್ಮ ಮಾತನ್ನು ಪೂರ್ತಿ ಕೇಳುವುದಿಲ್ಲ. ಇಷ್ಟು ಸಾಕು, ಉಳಿದದ್ದು ನನಗೆ ಹೇಳಬೇಡಿ ಎನ್ನುತ್ತಾರೆ. ಹಾಗೆ ಅರ್ಧ ಕೇಳಿದ ವಕೀಲರು ಅರ್ಧ ವಾದವನ್ನೇ ಮಾಡುತ್ತಾರೆ. ವಕೀಲರ ಸ್ವಾತಂತ್ರ್ಯ ಎಂದಾಗ ಅದು ಕರಿ ಕೋಟಿನವರ ಸವಲತ್ತು ಎಂದು ಜನ ತಿಳಿಯುತ್ತಾರೆ. ಅದರ ಫಲ ಉಣ್ಣುವವರು ಕುರ್ಚಿಯ ಈಚೆ ಬದಿಯಲ್ಲಿ ಕುಳಿತ ನಿಮ್ಮಂಥವರು.

ದಾಖಲೆಗಳ ವಿಷಯದಲ್ಲಿ ಮಾತ್ರ ಭ್ರಮೆ ಬೇಡ. ಸಂಘದ ವೋಚರನ್ನು ತಂದು ವಕೀಲರ ಬೀರುವಿನಲ್ಲಿಟ್ಟ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ. ನ್ಯಾಯಾಲಯ ಕೇಳಿದರೆ ವಕೀಲರು ಅದನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕಾಗುತ್ತದೆ, ಆಕ್ಷೇಪಗಳನ್ನು ಅಲ್ಲೇ ಹೇಳಬೇಕು. ವಕೀಲರ ಮೊಬೈಲ್ ಅಥವಾ ಕಂಪ್ಯೂಟರ್ ಬೇಕೆಂದರೂ ಅದು ನೇರವಾಗಿ ಪೊಲೀಸರ ಕೈಗೆ ಹೋಗುವಂತಿಲ್ಲ. ನ್ಯಾಯಾಲಯಕ್ಕೆ ಒಪ್ಪಿಸಬೇಕು, ಕಕ್ಷಿದಾರರಿಗೆ ನೋಟಿಸ್ ಹೋಗಬೇಕು, ವಕೀಲರೂ ಕಕ್ಷಿದಾರರೂ ಎದುರಿಗಿರುವಾಗಲೇ ತೆರೆಯಬೇಕು, ಬೇರೆ ಕಕ್ಷಿದಾರರ ವಿವರ ಹೊರಬೀಳದಂತೆ ನೋಡಿಕೊಳ್ಳಬೇಕು. ಇದೂ ಅದೇ ತೀರ್ಪಿನ ಮಾತು.

ಈಗ ಅಧ್ಯಕ್ಷರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಇದೇ. 132ನೇ ಸೆಕ್ಷನ್ ವಕೀಲರ ಬಾಯಿ ಕಟ್ಟುತ್ತದೆ, ಪಕ್ಕದ ಕುರ್ಚಿಯವರ ಬಾಯಿಯನ್ನಲ್ಲ. ಇಂದು ಅಧ್ಯಕ್ಷರ ಎದುರು ನೀವು ತಪ್ಪೊಪ್ಪಿಕೊಂಡರೆ ನಾಳೆ ಅವರು ಮಾಫಿ ಸಾಕ್ಷಿಯಾಗಿ ಕಟ್ಟೆ ಹತ್ತಿ, ಲೆಕ್ಕಿಗ ನನ್ನ ಎದುರೇ ಒಪ್ಪಿಕೊಂಡ ಎಂದು ಹೇಳಬಹುದು. ಅವರೊಡನೆ ಇರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವು ಹಾಕುವ ಧ್ವನಿ ಸಂದೇಶಕ್ಕೂ ಇದೇ ಗತಿ. ನನ್ನ ಹಿರಿಯ ವಕೀಲರದೊಂದು ಕ್ರಮವಿತ್ತು. ಮೊದಲ ಭೇಟಿಯಲ್ಲಿ ಕಕ್ಷಿದಾರರ ಅಣ್ಣ, ಮಾವ, ಊರ ಹಿರಿಯರು ಎಲ್ಲರಿಂದಲೂ ವಿಷಯ ಕೇಳುತ್ತಿದ್ದರು. ಆಮೇಲೆ ಎಲ್ಲರನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಪೆನ್ನಿಗೆ ಮುಚ್ಚಳ ಹಾಕಿಟ್ಟು, ಈಗ ಹೇಳಿ ಎನ್ನುತ್ತಿದ್ದರು. ಕೇಸು ಶುರುವಾಗುತ್ತಿದ್ದುದು ಆಗ. ನಾನೂ ಇಂದಿಗೂ ಹಾಗೇ ಮಾಡುತ್ತೇನೆ.

ಫೀಸು ಯಾರು ಕೊಟ್ಟರೂ ವಕೀಲರು ನಡೆಯಬೇಕಾದುದು ಕಕ್ಷಿದಾರರ ಸೂಚನೆಯಂತೆ. ಕಕ್ಷಿದಾರರು ಅಥವಾ ಅವರು ಅಧಿಕಾರ ಕೊಟ್ಟವರನ್ನು ಬಿಟ್ಟು ಬೇರೆಯವರ ಸೂಚನೆಯಂತೆ ನಡೆಯಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಆದರೆ ನಿಮ್ಮಲ್ಲಿ ಆಗಿರುವುದು ಅದಕ್ಕಿಂತ ತೊಡಕಿನದು. ಒಬ್ಬರೇ ವಕೀಲರು ಮೂವರಿಗೆ. ಅಧ್ಯಕ್ಷರು ಹೇಳಿದ್ದಕ್ಕೆ ಸಹಿ ಹಾಕಿದೆ ಎನ್ನುವುದೇ ನಿಮ್ಮ ರಕ್ಷಣೆಯ ತಿರುಳು. ಅದನ್ನು ಎತ್ತಿ ವಾದಿಸಿದರೆ ವಕೀಲರು ಅಧ್ಯಕ್ಷರಿಗೆ ದ್ರೋಹ ಮಾಡಿದಂತೆ, ಎತ್ತದಿದ್ದರೆ ನಿಮಗೆ. ಎಷ್ಟೇ ಸಜ್ಜನರಾದರೂ ಈ ಇಕ್ಕಟ್ಟಿನಿಂದ ಅವರಿಗೆ ಬಿಡುಗಡೆ ಇಲ್ಲ. ಅವರನ್ನು ನಾನು ದೂಷಿಸುತ್ತಿಲ್ಲ. ನಿಮಗೆ ಬೇರೆ ವಕೀಲರು ಬೇಕು, ಈ ವಾರದಲ್ಲೇ ಬೇಕು, ಫೀಸನ್ನು ನೀವೇ ಕೊಡಬೇಕು ಎಂದಷ್ಟೇ ಹೇಳುತ್ತೇನೆ. ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಅಲ್ಲಿಂದ ಬರುವ ವಕೀಲರಿಗೂ ಗುಟ್ಟು ಕಾಯುವ ಹೊಣೆ ಒಂದು ಕೂದಲೆಳೆಯೂ ಕಡಿಮೆಯಲ್ಲ. ಈಗಿನ ವಕೀಲರು ಫೀಸು ಬಾಕಿ ಎಂದು ನಿಮ್ಮ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇತ್ಯರ್ಥ ಮಾಡಿದೆ.

ವಕೀಲರ ಸಂಘದ ನಿರ್ಣಯದ ಮಾತಿಗೆ ಹೆದರಬೇಡಿ. ತಮಿಳುನಾಡಿನ ಕೊಯಮತ್ತೂರಿನಲ್ಲಿ ಕೆಲವು ಪೊಲೀಸರ ಪರ ಯಾರೂ ಹಾಜರಾಗಬಾರದೆಂದು ವಕೀಲರ ಸಂಘ ನಿರ್ಣಯಿಸಿದ್ದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದ ತೀರ್ಪಿನಲ್ಲಿ ಕೋರ್ಟು ಅಂಥ ಎಲ್ಲ ನಿರ್ಣಯಗಳೂ ಅಸಿಂಧು ಎಂದು ಸಾರಿತು. ತನಗೆ ಬೇಕಾದ ವಕೀಲರ ಸಲಹೆ ಪಡೆಯುವುದು ಸಂವಿಧಾನದ 22ನೇ ವಿಧಿ ಬಂಧಿತರಿಗೆ ಕೊಟ್ಟಿರುವ ಹಕ್ಕು. ಈ ವಿಷಯದಲ್ಲಿ ನನಗೆ ನನ್ನ ವೃತ್ತಿಬಾಂಧವರ ಮೇಲೇ ಸಿಟ್ಟಿದೆ. ಸರ್ಕಾರ ನಮ್ಮ ಸ್ವಾತಂತ್ರ್ಯಕ್ಕೆ ಕೈ ಹಾಕಿದರೆ ಕಲಾಪ ಬಹಿಷ್ಕರಿಸುವ ನಾವು, ಊರಿನ ಆಕ್ರೋಶಕ್ಕೆ ಮಣಿದು ಅದನ್ನು ನಾವೇ ಒಪ್ಪಿಸಿಬಿಡುತ್ತೇವೆ. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮಾವೇಶ ಅಂಗೀಕರಿಸಿದ ವಕೀಲರ ಕುರಿತ ಮೂಲತತ್ವಗಳಲ್ಲಿ ಒಂದು, ವಕೀಲರನ್ನು ಅವರ ಕಕ್ಷಿದಾರರೊಂದಿಗೆ ಸಮೀಕರಿಸಬಾರದು ಎನ್ನುತ್ತದೆ. ವೈದ್ಯರು ಕಳ್ಳನ ಗಾಯಕ್ಕೆ ಹೊಲಿಗೆ ಹಾಕಿದರೆ ಅವರನ್ನು ಯಾರೂ ಕಳ್ಳರೆನ್ನುವುದಿಲ್ಲವಲ್ಲ.

ಕೊನೆಯ ಪ್ರಶ್ನೆ, ಇದು ಸರಿಯೇ ಎನ್ನುವುದು. ಇದಕ್ಕೆ ಸುಲಭದ ಉತ್ತರ ಕೊಟ್ಟರೆ ನಿಮಗೆ ಮೋಸ ಮಾಡಿದಂತೆ. ಈ ನಿಯಮ ಕೆಲವೊಮ್ಮೆ ಘೋರ ಬೆಲೆ ಕೇಳುತ್ತದೆ. ಅಮೆರಿಕದ ಷಿಕಾಗೋದಲ್ಲಿ 1982ರಲ್ಲಿ ಕೊಲೆಯೊಂದು ನಡೆದು ಆಲ್ಟನ್ ಲೋಗನ್ ಎಂಬವರಿಗೆ ಜೀವಾವಧಿ ಶಿಕ್ಷೆಯಾಯಿತು. ಬೇರೆ ಪ್ರಕರಣದಲ್ಲಿದ್ದ ಇನ್ನೊಬ್ಬ ಆರೋಪಿ, ಆ ಕೊಲೆ ಮಾಡಿದ್ದು ತಾನೆಂದು ತನ್ನ ಇಬ್ಬರು ವಕೀಲರಿಗೆ ಒಪ್ಪಿಕೊಂಡಿದ್ದ. ಅವರು ಅದನ್ನು ಪ್ರಮಾಣಪತ್ರವಾಗಿ ಬರೆದು, ಲೋಹದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ತಾನು ಸತ್ತ ಮೇಲೆ ಹೇಳಬಹುದೆಂದು ಕಕ್ಷಿದಾರ ಒಪ್ಪಿದ್ದ. ಅವನು ಸತ್ತಿದ್ದು 2007ರಲ್ಲಿ. 2008ರಲ್ಲಿ ಲೋಗನ್ ಹೊರಬಂದಾಗ ಇಪ್ಪತ್ತಾರು ವರ್ಷ ಕಳೆದಿತ್ತು. ನಾನಾಗಿದ್ದರೆ ಆ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆನೇ? ಇಲ್ಲ. ಆದರೂ ನಿಯಮ ಬೇಡವೆನ್ನಲು ನನಗೆ ಆಗುವುದಿಲ್ಲ. ವಕೀಲರು ಹೇಳಿಬಿಡಬಹುದು ಎಂಬ ಸಂಶಯ ಒಂದಿಷ್ಟಿದ್ದರೂ ಆ ಮನುಷ್ಯ ಬಾಯಿಯನ್ನೇ ಬಿಡುತ್ತಿರಲಿಲ್ಲ, ಪೆಟ್ಟಿಗೆಯೊಳಗೆ ಇಡಲು ಕಾಗದವೂ ಇರುತ್ತಿರಲಿಲ್ಲ, ಲೋಗನ್ ಎಂದೆಂದಿಗೂ ಒಳಗೇ ಇರುತ್ತಿದ್ದರು.

ನಿಮ್ಮ ಪ್ರಕರಣದಲ್ಲೂ ಠೇವಣಿದಾರರ ಹಿತಕ್ಕೆ ಇದೇ ಮಾತು ಸಲ್ಲುತ್ತದೆ. ನೀವು ಹೆದರಿ ಮೌನವಾಗಿದ್ದರೆ ಅಧ್ಯಕ್ಷರ ಕಥೆಯೊಂದೇ ಉಳಿಯುತ್ತದೆ. ಸ್ವತಂತ್ರ ವಕೀಲರೆದುರು ಮನಸ್ಸು ಬಿಚ್ಚಿದರೆ, ನಿಮ್ಮ ಹಿತಕ್ಕೆ ಧಕ್ಕೆಯಾಗದಂತೆ ಏನನ್ನು, ಯಾವಾಗ, ಯಾರ ಮುಂದೆ ಹೇಳಬಹುದೆಂದು ಅವರು ಯೋಚಿಸಿ ದಾರಿ ತೋರಿಸುತ್ತಾರೆ. ಹಣ ಎಲ್ಲಿ ಹೋಯಿತೆಂಬುದು ಹೊರಬರುವುದಿದ್ದರೆ ಬಹುಶಃ ಆ ದಾರಿಯಿಂದಲೇ ಬರಬೇಕು.

ಇನ್ನೆರಡು ಮಾತು. ಬಂಧನವಾದರೆ, ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ವಿಚಾರಣೆಯ ನಡುವೆ ನಿಮ್ಮ ವಕೀಲರನ್ನು ಭೇಟಿಯಾಗುವ ಹಕ್ಕನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಸೆಕ್ಷನ್ ಕೊಡುತ್ತದೆ, ಕೇಳಿ ಪಡೆಯಿರಿ. ವಕೀಲರೇ ನಂಬಿಕೆ ಮುರಿದರೆ 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಛೀಮಾರಿಯಿಂದ ಹಿಡಿದು ಸನ್ನದು ರದ್ದಾಗುವ ತನಕ ಶಿಕ್ಷೆ ಇದೆ. ಆ ಅಧಿಕಾರ ಯಾವ ಮಂತ್ರಿಯ ಕೈಯಲ್ಲೂ ಇಲ್ಲ.

ಹೊಸ ವಕೀಲರ ಬಳಿ ಹೋಗುವ ಮುನ್ನ, ನೀವು ಸಹಿ ಮಾಡಿದ ವೋಚರ್‌ಗಳು ಯಾವುವು, ಹಾಕಿದ ತಾರೀಕು ಯಾವುದು, ನಿಜವಾದ ದಿನ ಯಾವುದು, ಆಗ ಅಧ್ಯಕ್ಷರು ಏನೆಂದರು ಎಂಬುದನ್ನು ನೆನಪಿದ್ದಷ್ಟು ಬರೆದುಕೊಳ್ಳಿ. ಕೈಬರಹದಲ್ಲಿ ಒಂದೇ ಪ್ರತಿ ಇರಲಿ. ತಲೆಬರಹದಲ್ಲಿ ‘ನನ್ನ ವಕೀಲರ ಸಲಹೆಗಾಗಿ’ ಎಂದು ಬರೆಯಿರಿ. ಫೋಟೊ ತೆಗೆದು ಯಾರಿಗೂ ಕಳಿಸಬೇಡಿ. ಒಬ್ಬರೇ ಹೋಗಿ ಅವರ ಕೈಗೇ ಕೊಡಿ.